ನಿಮಗಿದು ಗೊತ್ತೇ? ನೇಗಿಲಿಗೂ ಒಂದು ಅರಮನೆ

ಮ್ಯೂಸಿಯಂ ಎಂದೊಡನೆ ಕತ್ತಿ, ಕಿರೀಟ, ಸಿಂಹಾಸನ, ಒಡವೆಗಳು ನೆನಪಾಗುತ್ತವೆ. ಆ ಸಿಂಹಾಸನದ ಮೇಲೆ ಕೂತವರಿಗೂ ಅನ್ನ ಕೊಟ್ಟದ್ದು ನೇಗಿಲು, ಕೂರಿಗೆ, ಕೊಳಗ, ಕಣಜ. ಇವಕ್ಕೂ ಅಷ್ಟೇ ಗೌರವದ ಜಾಗ ಸಲ್ಲಬೇಕೆಂದು ನಂಬಿ ಊರೂರು ಅಲೆದು ಕೂಡಿಟ್ಟವರು ನಮ್ಮಲ್ಲೂ ಇದ್ದಾರೆ, ಹೊರನಾಡುಗಳಲ್ಲೂ ಇದ್ದಾರೆ. ಅವರ ಶ್ರಮದಿಂದ ಉಳಿದ ರೈತರ ಬದುಕಿನ ಒಂದಿಷ್ಟು ಸಂಗತಿಗಳು ಇಲ್ಲಿವೆ.

ನಮ್ಮ ನಾಡಿನ ಸಂಗ್ರಹಗಳು

● ಮೈಸೂರಿನ ಮಾನಸಗಂಗೋತ್ರಿಯಲ್ಲಿ ನೇಗಿಲು, ನೊಗ, ಮೊರ, ಒನಕೆಗಳು ನಿಜವಾದ ಅರಮನೆಯಲ್ಲೇ ಇವೆ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿ ಅವರಿಗಾಗಿ ಕಟ್ಟಿದ ಜಯಲಕ್ಷ್ಮಿ ವಿಲಾಸ ಇಂದು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ. ಇಲ್ಲಿರುವ ವಸ್ತುಗಳು 6,500ಕ್ಕೂ ಹೆಚ್ಚು.

● ಈ ಸಂಗ್ರಹ ಶುರುವಾದದ್ದು 1960ರ ದಶಕದ ಕೊನೆಯಲ್ಲಿ. ವಿದ್ವಾಂಸ ದೇ. ಜವರೇಗೌಡರ ಪ್ರೋತ್ಸಾಹದಲ್ಲಿ ಜಾನಪದ ತಜ್ಞ ಜೀ.ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಗಳನ್ನು ಸುತ್ತಿದರು. ಜನ ಅಟ್ಟಕ್ಕೆ ಎಸೆದಿದ್ದ ಸಾಮಾನುಗಳನ್ನು ಹುಡುಕಿ ತಂದರು.

● ರಾಮನಗರದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಜಾನಪದ ಲೋಕವನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ ಐಎಎಸ್ ಅಧಿಕಾರಿಯಾಗಿ ದುಡಿದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿಸಿದರು. 1994ರಲ್ಲಿ ಜಾನಪದ ಲೋಕ ಜನರಿಗೆ ತೆರೆಯಿತು. ವಿಸ್ತೀರ್ಣ 15 ಎಕರೆ.

● ಜಾನಪದ ಲೋಕದ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಮಡಕೆ, ಬೀಸುಕಲ್ಲು, ಕಾಳು ತುಂಬುವ ವಾಡೆಗಳ ಜೊತೆ ಬೇಸಾಯದ ಸಲಕರಣೆಗಳನ್ನೂ ಕಾಣಬಹುದು. ಬೆಳೆದದ್ದು ಹೊಲದಿಂದ ಒಲೆಯವರೆಗೆ ನಡೆದು ಬರುವ ದಾರಿ ಒಂದೇ ಸೂರಿನಡಿ ತಿಳಿಯುತ್ತದೆ. ಆಯಗಾರರ ಮಾಳದಲ್ಲಿ ಊರಿನ ಕಸುಬುದಾರರ ಸಾಮಗ್ರಿಗಳಿವೆ.

● ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಒಂದು ಇಡೀ ಹಳ್ಳಿಯನ್ನೇ ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದರು. ರಾಶಿ ಮಾಡುವವರು, ಹೈನು ಕರೆಯುವವರು, ಕಮ್ಮಾರ, ಕುಂಬಾರ, ಬಡಿಗ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ್ದಾರೆ.

● ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಕರಾವಳಿಯ ಬೇಸಾಯ, ಅಡುಗೆ, ಕಸುಬುಗಳ ವಸ್ತುಗಳ ದೊಡ್ಡ ಸಂಗ್ರಹವಿದೆ. ಮಂಗಳೂರಿನ ಪಿಲಿಕುಳದಲ್ಲಿ ತುಳುನಾಡಿನ ಊರ ಮುಖ್ಯಸ್ಥರ ‘ಗುತ್ತಿನ ಮನೆ’ಯ ಮಾದರಿಯೇ ಇದೆ.

● ಮಣಿಪಾಲದ ಹೆರಿಟೇಜ್ ವಿಲೇಜ್ ಕಟ್ಟಿದ ವಿಜಯನಾಥ ಶೆಣೈ ಬ್ಯಾಂಕ್ ಉದ್ಯೋಗಿಯಾಗಿದ್ದವರು. ಕೆಡವಲು ಹೊರಟ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಕುಂಜೂರಿನ ಚೌಕಿಮನೆ ಹಾಗೆ ಉಳಿದ ಮನೆಗಳಲ್ಲಿ ಒಂದು.

● ಕೊಲ್ಹಾಪುರದ ಬಳಿ ಕಣೇರಿಯ ಕಾಡಸಿದ್ಧೇಶ್ವರ ಮಠದ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂನಲ್ಲಿ 300ಕ್ಕೂ ಹೆಚ್ಚು ಪ್ರತಿಮೆಗಳು ಸ್ವಾವಲಂಬಿ ಹಳ್ಳಿಯ ದಿನಚರಿಯನ್ನು ತೋರಿಸುತ್ತವೆ. ಪಕ್ಕದ ಗೋವಾದ ಬೆಣಾವಲಿಯಲ್ಲಿರುವ ‘ಗೋವಾ ಚಿತ್ರ’ ಮ್ಯೂಸಿಯಂ 4,000ಕ್ಕೂ ಹೆಚ್ಚು ಹಳೆಯ ಸಲಕರಣೆಗಳನ್ನು ಕಾಪಾಡಿದೆ.

● ಪಂಜಾಬಿನ ಲೂಧಿಯಾನಾದ ಕೃಷಿ ವಿಶ್ವವಿದ್ಯಾಲಯದಲ್ಲಿ 1974ರಿಂದಲೇ ಗ್ರಾಮೀಣ ಬದುಕಿನ ಮ್ಯೂಸಿಯಂ ಇದೆ. ಹಸಿರು ಕ್ರಾಂತಿಯ ಕಾಲದಲ್ಲಿ ಟ್ರ್ಯಾಕ್ಟರು ಹೊಲಕ್ಕಿಳಿಯುತ್ತಿದ್ದಾಗಲೇ ಹಳೆಯದನ್ನು ಎತ್ತಿಡಬೇಕೆಂದು ಯೋಚಿಸಿದವರು ಆಗಿನ ಕುಲಪತಿ ಎಂ.ಎಸ್. ರಂಧಾವಾ. ಕಟ್ಟಡವನ್ನೂ ಹಳೆಯ ಪಂಜಾಬಿ ಮನೆಯ ರೀತಿಯಲ್ಲೇ ಕಟ್ಟಿಸಿದರು.

ಬೂದಿದಿಬ್ಬ, ವೀರಗಲ್ಲು

● ಬಳ್ಳಾರಿ ಸೀಮೆಯ ಕುಡುತಿನಿ, ಸುರಪುರದ ಬಳಿಯ ಬೂದಿಹಾಳ ಮುಂತಾದೆಡೆ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಅವು ಹೊಸಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ಬೂದಿ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಶುರುವಾದ ಪಶುಪಾಲನೆಯ ಗುರುತುಗಳಿವು. ಕೆಲವೆಡೆ ಬೆಂಕಿಯ ಕಾವಿಗೆ ಸಗಣಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ.

● ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ದಿಬ್ಬಗಳ ಸುತ್ತ ದನಗಳ ದೊಡ್ಡಿಗಳಿದ್ದವೆಂದು ಉತ್ಖನನದಿಂದ ತೋರಿಸಿದವರಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಪ್ರಮುಖರು. ಈ ಕುರಿತ ಅವರ ಪುಸ್ತಕ 1963ರಲ್ಲಿ ಬಂತು. ಬೂದಿಹಾಳದಲ್ಲಿ ಅಗೆದು ನೋಡಿದವರು ಕೆ. ಪದ್ದಯ್ಯ.

● ಅದೇ ಕಾಲದ ರೈತರು ಬೆಳೆದ ಬೆಳೆ ಯಾವುದು ಗೊತ್ತೇ? ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು ಮತ್ತು ಕೊರಲೆ ಇವೆ. ಇಂದು ಸಿರಿಧಾನ್ಯದ ಅಂಗಡಿಯಲ್ಲಿ ಕೊಳ್ಳುವ ಕೊರಲೆಗೆ ನಾಲ್ಕು ಸಾವಿರ ವರ್ಷಗಳ ಕನ್ನಡ ನೆಲದ ನಂಟಿದೆ.

● ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವಿದೆ. ಹತ್ತಿರದ ಹಿರೇಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಲ್ಲಿನ ಕೆಲವು ಬಂಡೆಗಳನ್ನು ಬಡಿದರೆ ಗಂಟೆಯ ನಾದ ಕೇಳುತ್ತದೆ.

● ನಮ್ಮ ಮ್ಯೂಸಿಯಂಗಳ ಅಂಗಳದಲ್ಲಿ ಸಾಲಾಗಿ ನಿಂತ ವೀರಗಲ್ಲುಗಳಲ್ಲಿ ಹಲವು ತುರುಗೊಳ್ ಕಲ್ಲುಗಳು, ಅಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರ ನೆನಪಿನ ಕಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಹಿಂಡು ಇದೆಯೇ ನೋಡಿ, ಗುರುತು ಸಿಗುತ್ತದೆ.

● ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಒಂದು ನಾಯಿಗೆ ನೆಟ್ಟ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ‘ಕಾಳಿ’ ಎಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಗಂಗರ ಅರಸ ಬೂತುಗನಿಂದ ಆ ನಾಯಿಯನ್ನು ಕೇಳಿ ಪಡೆದಿದ್ದ ಅವನ ಬಂಟ ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗಾಗಿ ಭೂಮಿ ಬಿಡಿಸಿದ. ಕಾಲ ಕ್ರಿ.ಶ. 949–50.

ಕಾವಲು, ದನ, ಕುರಿ

● ಅಮೆರಿಕಕ್ಕೆ ರ‍್ಯಾಂಚ್ ಇದ್ದ ಹಾಗೆ ಮೈಸೂರು ಸೀಮೆಗೆ ಕಾವಲು, ಅಂದರೆ ದನಗಳಿಗೆ ಮೀಸಲಾದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತ ಮಹಲ್’ ಆಯಿತು. ಅರಮನೆಗೆ ಹಾಲು–ಬೆಣ್ಣೆ ಒದಗಿಸಲು ಇದ್ದ ದನಗಳ ಹಿಂಡು ಸೈನ್ಯದ ತೋಪು ಎಳೆಯುವ ಎತ್ತುಗಳ ತವರಾಯಿತು.

● ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಯಾವ ಹುಲ್ಲು ಎಂದು ಚಿಗುರುತ್ತದೆ, ಯಾವ ಕಟ್ಟೆಯಲ್ಲಿ ಎಲ್ಲಿಯವರೆಗೆ ನೀರು ನಿಲ್ಲುತ್ತದೆ ಎಂಬ ಲೆಕ್ಕದ ಮೇಲೆ ಹಿಂಡು ಜಾಗ ಬದಲಿಸುತ್ತಿತ್ತು. ಹಾಗಾಗಿ ಒಂದೇ ಹುಲ್ಲುಗಾವಲು ವರ್ಷವಿಡೀ ತುಳಿತಕ್ಕೆ ಸಿಗುತ್ತಿರಲಿಲ್ಲ.

● ಈ ಎತ್ತುಗಳ ನಂಬಿಕೆಯ ಮೇಲೆ ಹೈದರಾಲಿ ಚಿದಂಬರಂನ ನೆರವಿಗೆ 100 ಮೈಲಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿದನೆಂದು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, ಅದಕ್ಕೂ ಮೊದಲು ದಕ್ಷಿಣದ ಯುದ್ಧಗಳಲ್ಲಿ ಮೈಸೂರಿನ ಎತ್ತುಗಳನ್ನೇ ನೆಚ್ಚಿಕೊಂಡಿದ್ದ.

● ಬ್ರಿಟಿಷ್ ಸರ್ಕಾರ 1860ರಲ್ಲಿ ಖರ್ಚು ಉಳಿಸಲು ಅಮೃತ ಮಹಲ್ ಹಿಂಡನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತುಗಳು ಸಿಗುವುದೇ ಕಷ್ಟವಾದಾಗ 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ತಳಿಯನ್ನು ಚದುರಿಸಲು ಒಂದು ಆದೇಶ ಸಾಕು, ಮರಳಿ ಕಟ್ಟಲು ವರ್ಷಗಳೇ ಬೇಕು.

● ಇಂದು ಈ ತಳಿಯನ್ನು ನೋಡಬೇಕಾದರೆ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರಕ್ಕೆ ಹೋಗಿ. ಅಲ್ಲಿ ನಡೆಯುವ ಹೋರಿಗಳ ಹರಾಜಿಗೆ ರೈತರು ದೂರದೂರದಿಂದ ಬರುತ್ತಾರೆ.

● ಕಾವಲು ದನಗಳದಷ್ಟೇ ಅಲ್ಲ, ಕೃಷ್ಣಮೃಗ ಮತ್ತು ತೋಳಗಳ ಮನೆಯೂ ಹೌದು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ.

● ಹಳ್ಳಿಕಾರ್ ತಳಿಗೆ ಅಂಚೆಚೀಟಿಯ ಗೌರವ ಸಿಕ್ಕಿದೆ. ಭಾರತೀಯ ಅಂಚೆ ಇಲಾಖೆ 2000ದಲ್ಲಿ ಹೊರತಂದ ದೇಸಿ ದನಗಳ ಸರಣಿಯಲ್ಲಿ ಗಿರ್, ಕಂಗಾಯಂ, ಕಾಂಕ್ರೇಜ್ ಜೊತೆ ಹಳ್ಳಿಕಾರ್ ಕೂಡ ಇತ್ತು.

● ಅಮೆರಿಕದ ರ‍್ಯಾಂಚುಗಳಲ್ಲಿ ಮೇಯುವ ‘ಬ್ರಾಹ್ಮನ್’ ದನಗಳ ಮೈಯಲ್ಲಿ ನಮ್ಮ ಕೃಷ್ಣಾ ತೀರದ ರಕ್ತವಿದೆ! ಗಿರ್, ಗುಜರಾತ್, ನೆಲ್ಲೂರು ತಳಿಗಳ ಜೊತೆ ಕೃಷ್ಣಾ ವ್ಯಾಲಿ ತಳಿಯನ್ನೂ ಸೇರಿಸಿ ಅಲ್ಲಿನ ರೈತರು ಈ ತಳಿಯನ್ನು ರೂಪಿಸಿದರು. 1854ರಿಂದ 1926ರವರೆಗೆ ಅಮೆರಿಕಕ್ಕೆ ಹೋದ ಭಾರತೀಯ ದನಗಳು 300ಕ್ಕೂ ಕಡಿಮೆ. ಬಿಸಿಲು, ಉಣುಗು ತಡೆದುಕೊಳ್ಳುವ ಗುಣವೇ ಅವಕ್ಕೆ ಅಲ್ಲಿ ಬೆಲೆ ತಂದಿತು. ತವರಿನಲ್ಲಿ ಮಾತ್ರ ಕೃಷ್ಣಾ ವ್ಯಾಲಿ ಬಹಳ ವಿರಳವಾಗಿದೆ.

● ಕುದುರೆಗೆ ನಾಲ್ಕು ಲಾಳ, ಎತ್ತಿಗೆ ಎಂಟು. ಎತ್ತಿನ ಗೊರಸು ಸೀಳಾಗಿರುವುದರಿಂದ ಒಂದೊಂದು ಕಾಲಿಗೆ ಎರಡೆರಡು ತುಂಡು ಬೇಕು. ಮ್ಯೂಸಿಯಂನಲ್ಲಿ ಸಣ್ಣ, ಚಪ್ಪಟೆ ಲಾಳ ಕಂಡರೆ ಅದು ಎತ್ತಿನದು.

● ಕುರುಬರು ನೇಯುವ ಕರಿಕಂಬಳಿಗೆ ಡೆಕ್ಕನಿ ಕುರಿಯ ಒರಟು ಉಣ್ಣೆಯೇ ಬೇಕು. ನೂಲಿಗೆ ಹುಣಸೆಬೀಜದ ಸರಿ ಹಾಕಿ ಬಿಗಿ ತರುತ್ತಾರೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿ ಹಾಸಿಗೆ, ಕಣದಲ್ಲಿ ಕಾಳು ಸುರಿಯುವ ಬಟ್ಟೆ: ಎಲ್ಲಕ್ಕೂ ಒಂದೇ ಕಂಬಳಿ.

ಉಳುವುದು, ಬಿತ್ತುವುದು, ನೀರೆತ್ತುವುದು

● ಜಗತ್ತಿನ ಅತಿ ಹಳೆಯ ಉತ್ತ ಹೊಲಗಳಲ್ಲಿ ಒಂದು ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಸಿಕ್ಕಿತು. ಸುಮಾರು 4,800 ವರ್ಷ ಹಳೆಯ ಆ ಹೊಲದಲ್ಲಿ ಸಾಲುಗಳು ಅಡ್ಡಕ್ಕೂ ಉದ್ದಕ್ಕೂ ಇವೆ. ಒಂದು ಕಡೆ 30 ಸೆಂ.ಮೀ. ಅಂತರ, ಇನ್ನೊಂದು ಕಡೆ 190 ಸೆಂ.ಮೀ. ಎರಡು ಬೆಳೆ ಒಟ್ಟಿಗೆ ಬೆಳೆಯುವ ವಿಧಾನವದು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಹಿಂದೆಯೂ ಇದೇ ಜಾಣ್ಮೆಯಿದೆ.

● ಹರಿಯಾಣದ ಬನಾವಲಿಯಲ್ಲಿ ಹರಪ್ಪ ಕಾಲದ ನೇಗಿಲಿನ ಪುಟ್ಟ ಮಣ್ಣಿನ ಮಾದರಿ ದೊರೆತಿದೆ. ಮರದ ನೇಗಿಲು ಗೆದ್ದಲಿಗೆ ತುತ್ತಾಯಿತು, ಸುಟ್ಟ ಮಣ್ಣಿನ ನೇಗಿಲು ಉಳಿಯಿತು.

● ಕೂರಿಗೆ ನಮ್ಮ ರೈತರ ಬಹುದೊಡ್ಡ ಸಾಧನೆ. ಮೇಲೊಂದು ಬಟ್ಟಲು, ಅದರ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ಮಣ್ಣು ಸೀಳುವ ತಾಳು. ಬಿತ್ತುವವರು ಮುಷ್ಟಿಯಿಂದ ಕಾಳು ಬಿಡುತ್ತ ನಡೆದರೆ ಎಲ್ಲ ಸಾಲಿಗೂ ಸಮನಾಗಿ, ಒಂದೇ ಆಳಕ್ಕೆ ಬೀಜ ಬೀಳುತ್ತದೆ. ಅಕ್ಕಡಿ ಬೆಳೆಗಾಗಿ ಹಿಂದೆ ಬೇರೆಯದೇ ಒಂದು ಸಡ್ಡೆ, ಅಂದರೆ ಒಂಟಿ ಬಿತ್ತನೆ ಕೊಳವೆ, ಕಟ್ಟುತ್ತಾರೆ.

● ಇಂಗ್ಲೆಂಡಿನ ಜೆಥ್ರೋ ಟಲ್ ಬಿತ್ತನೆಯಂತ್ರ ಮಾಡಿದ್ದು 1701ರ ಸುಮಾರಿಗೆ. 1790ರ ದಶಕದಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಟ್ ಎಂಬ ಅಧಿಕಾರಿ ದಕ್ಷಿಣ ಭಾರತದ ರೈತರು ಕೂರಿಗೆಯನ್ನು ಬಹುಕಾಲದಿಂದ ಬಳಸುತ್ತಿರುವುದನ್ನು ಕಂಡು ಬೆರಗಾಗಿ, ಬ್ರಿಟನ್ನಿನ ಕೃಷಿ ಮಂಡಳಿಗೆ ಬರೆದು ತಿಳಿಸಿದ.

● ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್‌ಗಳನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸ ಗ್ರಂಥ ಪ್ರಕಟಿಸಿದ. ಅದರಲ್ಲಿ ನಮ್ಮ ಬೇಸಾಯದ ಸಲಕರಣೆಗಳ ಚಿತ್ರಗಳಿವೆ. ಕಾಗದದ ಮೇಲೆ ಉಳಿದ ನಮ್ಮ ಮೊದಮೊದಲ ಕೃಷಿ ಮ್ಯೂಸಿಯಂ ಎಂದರೆ ಅದೇ.

● ಕಬ್ಬಿಣದ ನೇಗಿಲು ಭಾರತದಲ್ಲಿ ಕೈಗಾರಿಕೆಯಾಗಿ ಬೆಳೆದದ್ದು ಬೆಳಗಾವಿಯ ನಂಟಿನಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂಬ ಭಯ ರೈತರಲ್ಲಿತ್ತು. ನೇಗಿಲು ಮಾರಾಟವಾಗಲು ಬಹಳ ಕಾಯಬೇಕಾಯಿತು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಹುಟ್ಟಿತು.

● ಬಾವಿಯಿಂದ ನೀರೆತ್ತುವ ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುವಾಗ ನೀರು ಮೇಲೇರುತ್ತದೆ. ಎತ್ತಿನ ಬಲದ ಜೊತೆ ಅದರ ಮೈಭಾರವೂ ದುಡಿಯಲಿ ಎಂದೇ ಬಾವಿಯ ಮುಂದೆ ಇಳಿಜಾರು ಮಾಡುತ್ತಿದ್ದರು. ಚರ್ಮದ ಚೀಲ ಮೇಲೆ ಬಂದು ತಾನೇ ಬರಿದಾಗುತ್ತಿತ್ತು.

● ಕಂಬಳದ ಓಟದ ವಿಭಾಗಗಳ ಹೆಸರನ್ನೊಮ್ಮೆ ಗಮನಿಸಿ: ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ. ಎಲ್ಲವೂ ಗದ್ದೆಯ ಸಲಕರಣೆಗಳ ಜೊತೆ ಬೆಸೆದವು. ಕನೆ ಹಲಗೆಯಲ್ಲಿ ವೇಗಕ್ಕಿಂತ ಮುಖ್ಯವಾದದ್ದು ಮೇಲೆ ಚಿಮ್ಮುವ ನೀರು. ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ನೀರು ಮುಟ್ಟಬೇಕು.

● ಮಲೆನಾಡಿನ ಅಡಿಕೆ ಕೊನೆಗೆ ಕೊಳೆರೋಗ ತಗಲದಂತೆ ಮಳೆಗಾಲದಲ್ಲಿ ಕಟ್ಟುತ್ತಿದ್ದ ಹೊದಿಕೆ ‘ಕೊಟ್ಟೆ’ ಈಗ ಪ್ರದರ್ಶನದ ವಸ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮುಂದೆ ಅವರೇ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು.

ಕಣ, ಕೊಳಗ, ಕಣಜ

● ನಮ್ಮ ಹಿರಿಯರು ಹೊಲವನ್ನು ಬೀಜದಿಂದ ಅಳೆಯುತ್ತಿದ್ದರು. ಒಂದು ಖಂಡುಗ ಬೀಜ ಬಿತ್ತಬಹುದಾದ ನೆಲ ‘ಖಂಡುಗದ ಗದ್ದೆ’. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ.

● ತುಳುನಾಡಿನ ಅಕ್ಕಿಮುಡಿ ಬೈಹುಲ್ಲು ಹಾಗೂ ಹುಲ್ಲಿನ ಹಗ್ಗದಿಂದ ಕಟ್ಟಿದ ದುಂಡನೆಯ ಮೂಟೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಕರಾವಳಿಯ ಮಳೆಗಾಲದ ಥಂಡಿಯಲ್ಲೂ ಒಳಗಿನ ಅಕ್ಕಿ ಕೆಡದು. ಮುಡಿ ಕಟ್ಟಬಲ್ಲ ಕೈಗಳು ಈಗ ಬೆರಳೆಣಿಕೆಯಷ್ಟೇ.

● ಬಯಲುಸೀಮೆಯ ಹಗೇವು ನೆಲದೊಳಗಿನ ಕಣಜ. ಬಾಯಿ ಮುಚ್ಚಿದ ಮೇಲೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳುಗಳು ಉಸಿರುಗಟ್ಟಿ ಸಾಯುತ್ತವೆ. ಅದೇ ಗಾಳಿ ಮನುಷ್ಯನಿಗೂ ಅಪಾಯ. ಆದ್ದರಿಂದ ಹಗೇವು ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿಯೇ ಒಳಗೆ ಇಳಿಯುತ್ತಿದ್ದರು.

● ಹಗೇವಿನ ರಾಗಿ ಹತ್ತಾರು ವರ್ಷ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಊರು ಉಳಿಸಿದ್ದು ಅದೇ.

● ಊರಾಚೆ ಅನಾಥವಾಗಿ ಬಿದ್ದಿರುವ ಕಲ್ಲಿನ ಗಾಣಗಳನ್ನು ಹತ್ತಿರದಿಂದ ನೋಡಿ. ಕೆಲವುಗಳ ಅಂಚಿನಲ್ಲಿ ಕನ್ನಡ ಶಾಸನಗಳಿವೆ. ದೇವರ ನಂದಾದೀಪಕ್ಕೆ ಎಣ್ಣೆ ಒದಗಿಸಲೆಂದು ಗಾಣ ಮಾಡಿಸಿಕೊಟ್ಟವರ ಹೆಸರು ಅಲ್ಲಿರಬಹುದು.

● ಎತ್ತಿನ ಗಾಡಿಯನ್ನು ಐಐಎಂ ಕೂಡ ಅಧ್ಯಯನ ಮಾಡಿದೆ! ಬೆಂಗಳೂರು ಐಐಎಂನ ಸ್ಥಾಪಕ ನಿರ್ದೇಶಕ ಪ್ರೊ. ಎನ್.ಎಸ್. ರಾಮಸ್ವಾಮಿ ಗಾಡಿಯ ಸುಧಾರಣೆಗೂ ಎತ್ತಿನ ಹೆಗಲಿನ ನೋವು ತಗ್ಗಿಸುವುದಕ್ಕೂ ವರ್ಷಗಟ್ಟಲೆ ದುಡಿದರು.

ಹೊರನಾಡಿನಲ್ಲಿ

● ಜಗತ್ತಿನ ಮೊದಮೊದಲ ಬಯಲು ಮ್ಯೂಸಿಯಂಗಳಲ್ಲಿ ಒಂದು ಸ್ವೀಡನ್ನಿನ ಸ್ಕಾನ್ಸೆನ್. ಆರ್ಟುರ್ ಹಾಸೆಲಿಯಸ್ 1891ರಲ್ಲಿ ಇದನ್ನು ಸ್ಟಾಕ್‌ಹೋಮ್‌ನಲ್ಲಿ ತೆರೆದರು. ಕೈಗಾರಿಕೆಯ ಅಬ್ಬರದಲ್ಲಿ ಹಳ್ಳಿಯ ಬದುಕು ಮರೆಯಾಗುವುದನ್ನು ಕಂಡು, ದೇಶದ ನಾನಾ ಕಡೆಯ ರೈತರ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದರು. ನಾರ್ಡಿಕ್ ತಳಿಯ ದನಕರುಗಳನ್ನೂ ಅಲ್ಲಿ ಸಾಕುತ್ತಾರೆ.

● ಹಂಗೇರಿಯ ಕೃಷಿ ಮ್ಯೂಸಿಯಂ ಇರುವುದು ಬುಡಾಪೆಸ್ಟ್‌ನ ವಾಯ್ದಾಹುನ್ಯಾದ್ ಕೋಟೆಯಲ್ಲಿ. 1896ರಲ್ಲಿ ಸ್ಥಾಪನೆಯಾದ ಇದು ಯುರೋಪಿನ ದೊಡ್ಡ ಕೃಷಿ ಮ್ಯೂಸಿಯಂಗಳಲ್ಲಿ ಒಂದು.

● ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1951ರಲ್ಲಿ ಆರಂಭವಾದ ಗ್ರಾಮೀಣ ಬದುಕಿನ ಮ್ಯೂಸಿಯಂನಲ್ಲಿ 2016ರಲ್ಲಿ ವಿಚಿತ್ರ ನಡೆಯಿತು. ಪ್ರದರ್ಶನಕ್ಕಿಟ್ಟ 155 ವರ್ಷ ಹಳೆಯ ಇಲಿಬೋನಿಗೆ ನಿಜವಾದ ಇಲಿ ಬಿದ್ದಿತ್ತು! ಒಳಗೆ ಆಹಾರವಿರಲಿಲ್ಲ, ಬೋನು ಮಾತ್ರ ತನ್ನ ಕೆಲಸ ಮರೆತಿರಲಿಲ್ಲ.

● ಅಮೆರಿಕದ ಟೆಕ್ಸಾಸ್‌ನ ಲಬಕ್‌ನಲ್ಲಿ 1976ರಲ್ಲಿ ತೆರೆದ ರ‍್ಯಾಂಚಿಂಗ್ ಹೆರಿಟೇಜ್ ಸೆಂಟರ್‌ನಲ್ಲಿ ಹಳೆಯ ರ‍್ಯಾಂಚುಗಳ ಮನೆ, ಕೊಟ್ಟಿಗೆ, ಗಾಳಿಯಂತ್ರಗಳನ್ನು ಮೂಲ ಜಾಗಗಳಿಂದ ತಂದು ನಿಲ್ಲಿಸಿದ್ದಾರೆ. ಟೆಕ್ಸಾಸ್ ತನ್ನ ಆಸ್ಟಿನ್ ವಿಧಾನಭವನ ಕಟ್ಟಿದವರಿಗೆ ಹಣದ ಬದಲು 30 ಲಕ್ಷ ಎಕರೆ ಹುಲ್ಲುಗಾವಲು ಕೊಟ್ಟಿತು. ಅದೇ ಪ್ರಸಿದ್ಧ ಎಕ್ಸ್‌ಐಟಿ ರ‍್ಯಾಂಚ್.

● ಮುಳ್ಳುತಂತಿಗೂ ಒಂದು ಮ್ಯೂಸಿಯಂ ಇದೆ. ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ತಂತಿ ಅಮೆರಿಕದ ಬಯಲುಗಳಿಗೆ ಬೇಲಿ ಹಾಕಿ, ದನಗಳ ಮುಕ್ತ ಮೇಯುವಿಕೆಯನ್ನು ಮುಗಿಸಿತು. ಕಾನ್ಸಾಸ್‌ನ ಲಾ ಕ್ರಾಸ್ ಪಟ್ಟಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಮುಳ್ಳುತಂತಿಗಳನ್ನು ಜೋಡಿಸಿಟ್ಟಿದ್ದಾರೆ.

● ಜಾನ್ ಡೀರ್ 1837ರಲ್ಲಿ ಮುರಿದ ಗರಗಸದ ಉಕ್ಕಿನಿಂದ ನೇಗಿಲು ಮಾಡಿದ. ಇಲಿನಾಯ್ಸ್‌ನ ಅಂಟುಮಣ್ಣು ಆ ನುಣುಪು ಉಕ್ಕಿಗೆ ಮೆತ್ತಿಕೊಳ್ಳುತ್ತಿರಲಿಲ್ಲ. ಅವನು ಮಾಡಿದ 1838ರ ಒಂದು ನೇಗಿಲು ವಾಷಿಂಗ್ಟನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

● ಕೆನಡಾದ ಆಲ್ಬರ್ಟಾದಲ್ಲಿ 1882ರಲ್ಲಿ ಶುರುವಾದ ‘ಬಾರ್ ಯು’ ರ‍್ಯಾಂಚ್ ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಆಫ್ರಿಕನ್ ಮೂಲದ ಪ್ರಸಿದ್ಧ ಕೌಬಾಯ್ ಜಾನ್ ವೇರ್ ಇಲ್ಲಿ ದುಡಿದಿದ್ದ. ಅರ್ಜೆಂಟೀನಾದ ದನಗಾಹಿ ಗೌಚೋಗಳ ಮ್ಯೂಸಿಯಂ ಸ್ಯಾನ್ ಆಂಟೋನಿಯೊ ದೆ ಅರೆಕೊದಲ್ಲಿ 1938ರಲ್ಲಿ, ಆಸ್ಟ್ರೇಲಿಯಾದ ದನಗಾಹಿಗಳ ಸ್ಮಾರಕ ಮ್ಯೂಸಿಯಂ ಲಾಂಗ್‌ರೀಚ್‌ನಲ್ಲಿ 1988ರಲ್ಲಿ ತೆರೆದವು.

● ಅಯೋವಾದ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ನಲ್ಲಿ 1700, 1850 ಮತ್ತು 1900ರ ಬೇಸಾಯವನ್ನು ಬೇರೆ ಬೇರೆ ಹೊಲಗಳಲ್ಲಿ ಇಂದಿಗೂ ಮಾಡಿ ತೋರಿಸುತ್ತಾರೆ. ಅಲ್ಲಿ ಉಳುಮೆ, ಬಿತ್ತನೆ, ಕೊಯ್ಲು ಎಲ್ಲವೂ ನಡೆಯುತ್ತವೆ. ನಮ್ಮಲ್ಲೂ ಹೀಗೆ ಕೂರಿಗೆ ಹೂಡಿ ತೋರಿಸುವ ಹೊಲಗಳು ಬೇಕು.

ಬೀಜವೂ ಪರಂಪರೆಯೇ

● ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸಿ, ಮನೆಯಲ್ಲೇ ಭತ್ತದ ಮ್ಯೂಸಿಯಂ ಮಾಡಿದ್ದಾರೆ. ಕಾಸರಗೋಡಿನ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದರು.

● ಬೀಜವನ್ನು ಗಾಜಿನ ಭರಣಿಯಲ್ಲಿಟ್ಟರೆ ಮೊಳಕೆಯ ಶಕ್ತಿ ಕೆಲವೇ ವರ್ಷಗಳಲ್ಲಿ ಇಳಿದುಹೋಗುತ್ತದೆ. ಆಗಾಗ ಬಿತ್ತಿ ಬೆಳೆದರೆ ಮಾತ್ರ ತಳಿ ಉಳಿಯುತ್ತದೆ. ಹಾಗಾಗಿ ಈ ರೈತರ ಗದ್ದೆಯೇ ಅವರ ಸಂಗ್ರಹಾಲಯ.

● ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಸಂಶೋಧನೆ ಶುರುವಾದದ್ದು 1899ರಲ್ಲಿ, ಮೈಸೂರಿನ ಮಹಾರಾಣಿ ರೀಜೆಂಟ್ ಅವರು ಕೊಟ್ಟ 30 ಎಕರೆಯಲ್ಲಿ. ಕೃಷಿ ರಸಾಯನಶಾಸ್ತ್ರಜ್ಞ ಡಾ. ಲೆಹ್ಮನ್ ಮೊದಲ ಪ್ರಯೋಗಗಳನ್ನು ನಡೆಸಿದರು.

● ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದರು. ಕರ್ನಾಟಕದ ರಾಗಿಯ ಇಳುವರಿ ಏರಿದ್ದರ ಹಿಂದೆ ಅವರ ಬದುಕಿಡೀ ಶ್ರಮವಿದೆ.

ಕಾಪಾಡುವ ಬಗೆ

● ಹಳೆಯ ನೇಗಿಲಿಗೆ ವಾರ್ನಿಷ್ ಬಳಿಯಬಾರದು. ಹಿಡಿಕೆ ಸವೆದ ಜಾಗ, ಮೆತ್ತಿದ ಮಣ್ಣು, ಕಮ್ಮಾರನ ಸುತ್ತಿಗೆಯ ಗುರುತು, ಒಡೆದಾಗ ಹಾಕಿದ ಪಟ್ಟಿ ಎಲ್ಲವೂ ದಾಖಲೆಗಳೇ.

● ಕಂಬಳಿ, ಬುಟ್ಟಿ, ಮರದ ಸಣ್ಣ ಸಾಮಾನುಗಳಿಗೆ ಹುಳು ಹಿಡಿದರೆ ದೊಡ್ಡ ಮ್ಯೂಸಿಯಂಗಳು ಔಷಧ ಹೊಡೆಯುವುದಿಲ್ಲ. ಬಿಗಿಯಾಗಿ ಸುತ್ತಿ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿಯಲ್ಲಿ ಕೆಲವು ದಿನ ಇಡುತ್ತವೆ. ಹುಳುವೂ ಮೊಟ್ಟೆಯೂ ಸಾಯುತ್ತವೆ, ವಸ್ತು ಉಳಿಯುತ್ತದೆ.

● ಹೆಸರಿಲ್ಲದ ವಸ್ತು ಮ್ಯೂಸಿಯಂನಲ್ಲಿ ಮೂಕ. ಯಾವ ಊರಿನದು, ಯಾವ ಮರದ್ದು, ಯಾರು ಮಾಡಿದ್ದು, ಯಾವ ತಿಂಗಳಲ್ಲಿ ಹೇಗೆ ಬಳಸುತ್ತಿದ್ದರು ಎಂಬ ನಾಲ್ಕು ಮಾತು ಜೊತೆಗಿದ್ದರೆ ಅದರ ಬೆಲೆ ನೂರ್ಮಡಿ.

ಕೂರಿಗೆಯನ್ನು ಗಾಜಿನ ಹಿಂದೆ ಇಡಬಹುದು. ಬೀಜ ಬಿಡುವ ಮುಷ್ಟಿಯ ಹದವನ್ನು ಇಡಲಾಗದು. ಅದು ಇರುವುದು ಈಗ ಎಪ್ಪತ್ತು, ಎಂಬತ್ತು ದಾಟಿದ ಅಜ್ಜ–ಅಜ್ಜಿಯರ ಕೈಯಲ್ಲಿ. ನಿಮ್ಮ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಸಲಕರಣೆಗಳಿದ್ದರೆ ಒಲೆಗೆ ಹಾಕಬೇಡಿ, ಗುಜರಿಯವರಿಗೆ ಕೊಡಬೇಡಿ. ಒಂದೊಂದು ಭಾಗದ ಹೆಸರನ್ನೂ ಹಿರಿಯರಿಂದ ಕೇಳಿ ಬರೆದಿಡಿ, ಬಳಸುವ ಬಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಹತ್ತಿರದ ಶಾಲೆಗೋ ಜಾನಪದ ಸಂಗ್ರಹಾಲಯಕ್ಕೋ ವಿವರಗಳ ಸಮೇತ ಒಪ್ಪಿಸಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ಇಂಥ ಒಂದು ಮ್ಯೂಸಿಯಂಗೆ ತಪ್ಪದೆ ಕರೆದೊಯ್ಯಿರಿ, ಜೊತೆಗೆ ಹೊಲ ಉತ್ತು ಬಲ್ಲ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ. ಅವರಿಗಿಂತ ಒಳ್ಳೆಯ ಗೈಡ್ ಅಲ್ಲಿ ಸಿಗುವುದಿಲ್ಲ.